ಹಳೇ ಇಂಗ್ಲಿಷ್ ಸ್ಪೆಲ್ಲಿಂಗ್: ಯು ಎಲ್ಲಿ, ವಿ ಎಲ್ಲಿ?

1611ರ ಕಿಂಗ್ ಜೇಮ್ಸ್ ಬೈಬಲಿನ ಮೊದಲ ಮುದ್ರಣ ತೆರೆದರೆ ಎರಡನೇ ವಚನದಲ್ಲೇ ಎಡವುತ್ತೇವೆ. ‘ಅಪಾನ್’ ಪದ ವಿ ಅಕ್ಷರದಿಂದ ಶುರುವಾಗುತ್ತದೆ. ‘ಮೂವ್ಡ್’ನಲ್ಲಿ ವಿ ಇರಬೇಕಾದ ಜಾಗದಲ್ಲಿ ಯು ಕೂತಿದೆ. ಅಚ್ಚಿನ ಮೊಳೆ ಜೋಡಿಸಿದವನ ಕೈತಪ್ಪಲ್ಲ ಇದು. ಆಗ ಯು, ವಿ ಎರಡೂ ಒಂದೇ ಅಕ್ಷರದ ಎರಡು ರೂಪ: ಪದದ ಮೊದಲಲ್ಲಿ ವಿ, ಒಳಗೆ ಯು. ಉಚ್ಚಾರ ಯಾವುದೇ ಇರಲಿ, ಜಾಗವೇ ಮುಖ್ಯ. ಹಾಗಾಗಿ ‘ಲವ್’ ಅನ್ನುವುದು ಎಲ್-ಓ-ಯು-ಇ. ಐ ಮತ್ತು ಜೆ ಕೂಡ ಆಗಿನ್ನೂ ಬೇರೆಯಾಗಿರಲಿಲ್ಲ. ‘ಜಸ್ಟಿಸ್’ ಐನಿಂದಲೇ ಶುರು. ಇಷ್ಟು ಹಿಡಿದರೆ ಅರ್ಧ ತೊಡಕು ಕಳೆಯಿತು. ಅದೇ ವಚನದಲ್ಲಿ ‘ಫಾರ್ಮ್’, ‘ಡೀಪ್’ ಪದಗಳ ಬಾಲಕ್ಕೆ ಅಂಟಿರುವ ಇ ಅನ್ನು ಓದದೆ ದಾಟಿ.

ಲಂಡನ್ನಿನ ಕೆಲವು ಪಬ್ಬುಗಳ ಬೋರ್ಡಿನಲ್ಲಿ ಕಾಣುವ ‘ಯೀ ಓಲ್ಡ್’ ಬೇರೆ ಕಥೆ. ‘ದ’ ಎಂಬ ಪದವನ್ನು ಹಿಂದೆ ಥಾರ್ನ್ ಎಂಬ ಅಕ್ಷರದಿಂದ ಬರೆಯುತ್ತಿದ್ದರು. ಕೈಬರಹದಲ್ಲಿ ಅದು ಬರಬರುತ್ತಾ ವೈ ಥರ ಕಾಣತೊಡಗಿತು. ಮುದ್ರಕರ ಬಳಿ ಥಾರ್ನ್ ಮೊಳೆ ಇಲ್ಲದಾಗ ವೈ ಹಾಕಿದರು. ಓದುವಾಗ ಮಾತ್ರ ‘ದ’ ಎಂದೇ. ಹಳಗನ್ನಡದ ೞ ನೆನಪಾಗಬಹುದು. ಆದರೆ ‘ಬಾೞೆ’ ಬಾಳೆಯಾದಾಗ ನಮ್ಮಲ್ಲಿ ಅಕ್ಷರದ ಜೊತೆ ಉಲಿಯೂ ಹೋಯಿತು; ಅಲ್ಲಿ ಹೋದದ್ದು ಅಕ್ಷರವಷ್ಟೇ.

ಹೊಸ ಸ್ಪೆಲ್ಲಿಂಗ್ ಯಾವಾಗಲೂ ಸರಳ ಅಂದುಕೊಂಡಿದ್ದರೆ ‘ಡೆಟ್’ ನೋಡಿ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಪಂಡಿತರು ಲ್ಯಾಟಿನ್ನಿನ ‘ಡೆಬಿಟಮ್’ ನೆನಪಿಗೆ ಅದನ್ನು ತುರುಕಿದರು. ‘ಡೌಟ್’ಗೂ ಅದೇ ಗತಿ. ‘ಐಲ್ಯಾಂಡ್’ ಪಾಡು ಇನ್ನೂ ತಮಾಷೆ. ಅದು ಅಪ್ಪಟ ಇಂಗ್ಲಿಷ್ ಪದ. ಲ್ಯಾಟಿನ್ ಮೂಲದ ‘ಐಲ್’ಗೆ ನಂಟೆಂದು ತಪ್ಪು ತಿಳಿದು ಎಸ್ ಸೇರಿಸಿದರು. ಸ್ಕೂಲಿನಲ್ಲಿ ಆ ಎಸ್ ಬಿಟ್ಟು ಏಟು ತಿಂದವರು ನಿಜಕ್ಕೂ ಹಳೇ ರೂಪವನ್ನೇ ಬರೆದಿದ್ದರು!

‘ಮ್ಯೂಸಿಕ್’, ‘ಪಬ್ಲಿಕ್’ ಕೊನೆಗೆ ಕೆ ಕಂಡರೆ ಗಾಬರಿ ಬೇಡ. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಅದನ್ನು ಉಳಿಸಿಕೊಂಡಿದ್ದರು, ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ಕೈಬಿಟ್ಟರು.

ಕಣ್ಣಿಗೆ ಹೆಚ್ಚು ಮೋಸ ಮಾಡುವುದು ಉದ್ದನೆಯ ಎಸ್ (ſ), ಅಂದರೆ ಎಫ್ ಥರ ಕಾಣುವ ಎಸ್‌ನ ಹಳೇ ರೂಪ. 1789ರ ಅಮೆರಿಕದ ಬಿಲ್ ಆಫ್ ರೈಟ್ಸ್ ಹಸ್ತಪ್ರತಿಯಲ್ಲಿ ‘ಕಾಂಗ್ರೆಸ್’ ನಮಗೆ ‘ಕಾಂಗ್ರೆಫ್ಸ್’ ಥರ ಕಾಣುತ್ತದೆ. ಅಚ್ಚಿನಲ್ಲಾದರೆ ಅಡ್ಡಗೆರೆ ನೋಡಿ: ಕಡ್ಡಿಯ ಎರಡೂ ಪಕ್ಕಕ್ಕೆ ಚಾಚಿದ್ದರೆ ಎಫ್, ಎಡಕ್ಕೆ ಮಾತ್ರ ಚಿಕ್ಕದಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಎಸ್.