ಅಸಲಿ ಕೂದಲಿನ ವಿಗ್‌ಗೆ ಬಿಸಿ: ಎಷ್ಟು, ಎಲ್ಲಿ, ಯಾವಾಗ

ಸ್ಟ್ರೇಟ್ನರ್ ಹಿಡಿಯುವುದು, ಕರ್ಲಿಂಗ್ ರಾಡ್‌ಗೆ ಕೂದಲು ಸುತ್ತುವುದು ನಿಮಗೆ ಆಗಲೇ ಗೊತ್ತಿದೆ ಅಂದುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ತಲೆಯ ಮೇಲಿನ ಕೂದಲಿನಲ್ಲಿ ಕಲಿತದ್ದನ್ನು ವಿಗ್‌ಗೆ ತರುವಾಗ ಏನೇನು ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಅನ್ನೋದಷ್ಟೇ ಇಲ್ಲಿದೆ.

ವಿಗ್‌ನ ಕೂದಲಿಗೆ ಬೇರಿಲ್ಲ. ಹಾಗಾಗಿ ನೆತ್ತಿಯಿಂದ ಇಳಿದು ಬರುವ ಎಣ್ಣೆಯ ಪಸೆ ಅದಕ್ಕೆ ಸಿಗುವುದಿಲ್ಲ. ಸುಟ್ಟ ತುದಿಯನ್ನು ಕತ್ತರಿಸಿದರೆ ಮತ್ತೆ ಬೆಳೆಯುವುದೂ ಇಲ್ಲ. ನಮ್ಮ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಕೆಟ್ಟದ್ದು ನಿಧಾನವಾಗಿ ಕತ್ತರಿಗೆ ಹೋಗುತ್ತದೆ. ವಿಗ್‌ನಲ್ಲಿ ಮೊದಲ ದಿನ ಬಿದ್ದ ಪೆಟ್ಟು ಕೊನೆಯ ದಿನದವರೆಗೂ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಪೆಟ್ಟು ಸೇರುತ್ತಾ ಹೋಗುತ್ತದೆ.

ಜೊತೆಗೆ ಆ ಕೂದಲು ನಮ್ಮ ಕೈಗೆ ಬರುವ ಮೊದಲೇ ಸಾಕಷ್ಟು ಅನುಭವಿಸಿರುತ್ತದೆ. ಬ್ಲೀಚ್ ಆಗಿರಬಹುದು, ಬಣ್ಣ ಹಾಕಿರಬಹುದು, ಹಬೆಯಲ್ಲಿ ಸುರುಳಿ ಕೂರಿಸಿರಬಹುದು. ರೆಮಿ ಕೂದಲು ಅಂದರೆ ಎಲ್ಲ ಎಳೆಗಳ ಬುಡವೂ ಒಂದೇ ಕಡೆ ಇರುವಂತೆ ಜೋಡಿಸಿದ್ದು, ಮೇಲಿನ ಕ್ಯೂಟಿಕಲ್ ಪದರ ಉಳಿದಿರುವಂಥದ್ದು. ಬುಡ-ತುದಿ ಬೆರಕೆಯಾದ ಕೂದಲಿನಲ್ಲಿ ಕ್ಯೂಟಿಕಲ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೇ ತಯಾರಕರು ಆಮ್ಲದಲ್ಲಿ ಅದ್ದಿ ಆ ಪದರವನ್ನೇ ತೆಗೆದು, ಮೇಲೆ ಸಿಲಿಕೋನ್ ಸವರುತ್ತಾರೆ. ಮೊದಲ ಕೆಲವು ಸಲ ತೊಳೆಯುವ ತನಕ ರೇಷ್ಮೆಯಂತಿರುವ ವಿಗ್ ಆಮೇಲೆ ಇದ್ದಕ್ಕಿದ್ದಂತೆ ಒರಟಾಗುವುದು ಈ ಸಿಲಿಕೋನ್ ಹೋದಾಗ. ಅಂಥ ಕೂದಲಿಗೆ ಬಿಸಿ ನೇರವಾಗಿ ಒಳಗಿನ ಕಾರ್ಟೆಕ್ಸ್‌ಗೇ ತಾಗುತ್ತದೆ. ಸ್ಟ್ರೇಟ್ನರ್‌ನಲ್ಲಿ ಎಷ್ಟು ಡಿಗ್ರಿ ಇಡಬೇಕು ಅಂತ ಕೇಳುವ ಮೊದಲು ಇದು ಯಾವ ಕೂದಲು ಅಂತ ಕೇಳಬೇಕು.

ಆಕಾರ ಕೂರುವುದು ತಣಿಯುವಾಗ

ಈ ಟಿಪ್ಪಣಿಯಲ್ಲಿ ಇದೇ ಮುಖ್ಯ ಭಾಗ, ನಿಧಾನವಾಗಿ ಓದಿ.

ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್. ಅದರ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ನಮಗೆ ಬೇಕಾದವು ಎರಡು. ಡೈಸಲ್ಫೈಡ್ ಬಂಧ ಗಟ್ಟಿ. ಅದನ್ನು ಬೇಕಾದಂತೆ ಬಿಡಿಸಿ ಮತ್ತೆ ಕಟ್ಟಲು ಪರ್ಮಿಂಗ್‌ನಂಥ ರಾಸಾಯನಿಕ ಕೆಲಸವೇ ಬೇಕು. ಹೈಡ್ರೋಜನ್ ಬಂಧ ಹಗುರ. ನೀರು ತಾಗಿದರೂ ಬಿಡುತ್ತದೆ, ಬಿಸಿ ತಾಗಿದರೂ ಬಿಡುತ್ತದೆ. ಒಣಗಿದಾಗ, ತಣಿದಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಳ್ಳುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿತ್ತೋ ಅದೇ ಆಕಾರ ಉಳಿಯುತ್ತದೆ.

ಸ್ಟೈಲಿಂಗ್‌ನಲ್ಲಿ ನಾವು ಆಡುವುದೆಲ್ಲ ಹೈಡ್ರೋಜನ್ ಬಂಧದ ಜೊತೆಗೆ. ಅಂದರೆ ಬಿಸಿಯ ಕೆಲಸ ಬಂಧ ಬಿಡಿಸುವುದಷ್ಟೇ. ಸುರುಳಿಯನ್ನು ಕೂರಿಸುವುದು ತಣಿಯುವ ಹೊತ್ತು. ರಾಡ್‌ನಿಂದ ಜಾರಿಸಿದ ಬಿಸಿ ಸುರುಳಿಯನ್ನು ಹಾಗೇ ಕೆಳಗೆ ಬಿಟ್ಟರೆ ತನ್ನ ಭಾರಕ್ಕೆ ಅದು ಉದ್ದಕ್ಕೆ ಎಳೆದುಕೊಂಡು, ಆ ಸಡಿಲ ಆಕಾರದಲ್ಲೇ ತಣಿಯುತ್ತದೆ. ಆಗ ನಾವು ಏನು ಮಾಡುತ್ತೇವೆ? ಬಿಸಿ ಸಾಲಲಿಲ್ಲ ಅಂತ 20 ಡಿಗ್ರಿ ಏರಿಸುತ್ತೇವೆ. ನಾನು ನೋಡಿದ ಮಟ್ಟಿಗೆ ವಿಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಅದೇ ಸುರುಳಿಯನ್ನು ಅಂಗೈಯಲ್ಲಿ ಹಿಡಿದು, ಮತ್ತೆ ಸುತ್ತಿ, ಕ್ಲಿಪ್ ಹಾಕಿ ಪೂರ್ತಿ ತಣಿಯುವ ತನಕ ಬಿಟ್ಟರೆ ಕಡಿಮೆ ಬಿಸಿಯಲ್ಲೇ ನಿಲ್ಲುತ್ತದೆ. ಮುಟ್ಟಿದಾಗ ಒಳಗಡೆಯೂ ತಣ್ಣಗಿರಬೇಕು. ಹೊರಗಿನ ಸುತ್ತು ತಣ್ಣಗಾಗಿದ್ದರೂ ನಡುವೆ ಇನ್ನೂ ಬೆಚ್ಚಗಿರುತ್ತದೆ.

ಒದ್ದೆ ಕೂದಲು, ಬಿಸಿ ಪ್ಲೇಟ್

ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಸುಕ್ಕು ಚೆನ್ನಾಗಿ ಹೋಗುತ್ತದೆ. ಅದೇ ಅಭ್ಯಾಸವನ್ನು ಕೂದಲಿಗೆ ತಂದರೆ ಕೂದಲು ಹಾಳು. ಎಳೆಯೊಳಗಿನ ನೀರು ಹಬೆಯಾಗುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಗುಳ್ಳೆ ಎಬ್ಬಿಸುತ್ತದೆ. ಇದಕ್ಕೆ ಬಬಲ್ ಹೇರ್ ಅನ್ನುತ್ತಾರೆ. ಆ ಎಳೆ ಒರಟಾಗಿ, ಗುಳ್ಳೆ ಇದ್ದಲ್ಲೇ ಮುರಿಯುತ್ತದೆ. ಒದ್ದೆ ಕೂದಲಿನ ಮೇಲೆ 125 ಡಿಗ್ರಿಯ ರಾಡ್ ಒಂದು ನಿಮಿಷ ಇಟ್ಟರೂ ಗುಳ್ಳೆ ಏಳುತ್ತದೆ. ಒಣ ಕೂದಲಿನ ಕೆರಾಟಿನ್ ಕೆಡುವುದು 230 ಡಿಗ್ರಿ ಆಸುಪಾಸಿನಲ್ಲಿ. ಒದ್ದೆಯಿದ್ದರೆ ಅದಕ್ಕಿಂತ ತುಂಬಾ ಕೆಳಗೆ, 150ರ ಆಸುಪಾಸಿನಲ್ಲೇ ಕೆಡುತ್ತದೆ. (ಈ ಟಿಪ್ಪಣಿಯಲ್ಲಿ ಡಿಗ್ರಿ ಅಂದರೆ ಸೆಲ್ಸಿಯಸ್.)

ವಿಗ್‌ನಲ್ಲಿ ತೇವ ಅಡಗಿ ಕೂರುತ್ತದೆ, ನೆನಪಿಡಿ. ಉದ್ದಕ್ಕೂ ಒಣಗಿದಂತೆ ಕಂಡರೂ ಹೊಲಿದ ಸಾಲುಗಳ ಕೆಳಗೆ, ಕಿವಿಯ ಹತ್ತಿರದ ಎಲಾಸ್ಟಿಕ್‌ನಲ್ಲಿ ತೇವ ಉಳಿದಿರುತ್ತದೆ. ವಿಗ್ ತಿರುಗಿಸಿ, ಸಾಲುಗಳ ಅಡಿಗೆ ಬೆರಳು ಹಾಕಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ. ಪ್ಲೇಟ್ ಒತ್ತಿದಾಗ ಚುರ್ ಅಂತ ಸದ್ದು ಬಂತು, ಹಬೆ ಎದ್ದಿತು ಅಂದರೆ ತಕ್ಷಣ ಕೈ ಎತ್ತಬೇಕು.

ಒಣಗಿಸಲು ಬ್ಲೋ ಡ್ರೈಯರ್ ಬಳಸಬಹುದಾ? ಬಳಸಬಹುದು. 15 ಸೆಂ.ಮೀ. ದೂರ ಹಿಡಿದು, ಆಡಿಸುತ್ತಲೇ ಇರಬೇಕು, ಗಾಳಿ ಬುಡದಿಂದ ತುದಿಯ ಕಡೆಗೆ ಹೋಗಬೇಕು. ಡ್ರೈಯರ್ ಮುಟ್ಟದೆ ಗಂಟೆಗಟ್ಟಲೆ ಒದ್ದೆ ಬಿಟ್ಟರೆ ಏನೂ ಆಗಲ್ಲ ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ ಹೆಚ್ಚು ಬಿಸಿ ತಾಗಿದಷ್ಟೂ ಕೂದಲಿನ ಮೇಲ್ಮೈ ಹೆಚ್ಚು ಹಾಳಾಗಿತ್ತು. ಆದರೆ ಒಳಗಿನ ಕೋಶಗಳ ನಡುವಿನ ಅಂಟಿನಂಥ ಪದರಕ್ಕೆ ಪೆಟ್ಟಾಗಿದ್ದು ತಾನಾಗೇ ಒಣಗಿದ ಕೂದಲಿನಲ್ಲಿ ಮಾತ್ರ. ನೀರು ಹೀರಿದ ಕೂದಲು ಉಬ್ಬುತ್ತದೆ, ಹೆಚ್ಚು ಹೊತ್ತು ಉಬ್ಬಿಕೊಂಡೇ ಇರುವುದು ಅದಕ್ಕೆ ಒಳ್ಳೆಯದಲ್ಲ. ಟವೆಲ್‌ನಲ್ಲಿ ಉಜ್ಜದೆ ಒತ್ತಿ ನೀರು ತೆಗೆದು, ಉಗುರುಬೆಚ್ಚಗಿನ ಗಾಳಿ ಕೊಡುವುದೇ ನನ್ನ ಆಯ್ಕೆ.

ಎಷ್ಟು ಡಿಗ್ರಿ

ಬ್ಲೀಚ್ ಆದ, ತೆಳು ಅಥವಾ ಹಳೆಯ ಕೂದಲಿಗೆ 120ರಿಂದ 140. ಬಣ್ಣ ಹಾಕಿದ್ದಕ್ಕೆ 150 ಆಸುಪಾಸು. ರಾಸಾಯನಿಕ ಮುಟ್ಟದ, ದಪ್ಪ ಎಳೆಯ ರೆಮಿ ಕೂದಲಿಗೆ 160ರಿಂದ ಶುರು ಮಾಡಿ, ಹೆಚ್ಚೆಂದರೆ 180. ಕೆಲವು ಸಾಧನಗಳು ಫ್ಯಾರನ್‌ಹೀಟ್‌ನಲ್ಲಿ ತೋರಿಸುತ್ತವೆ: ಅಲ್ಲಿನ 300 ನಮ್ಮ 149, ಅಲ್ಲಿನ 350 ನಮ್ಮ 177. ಅಲ್ಲಿನ 450 ಅಂದರೆ 232, ಕೆರಾಟಿನ್ ಕೆಡುವ ಜಾಗ. ಆ ಬಟನ್ ಇದೆಯಲ್ಲ ಅಂತ ಒತ್ತಬೇಕಿಲ್ಲ.

ಕಡಿಮೆ ಬಿಸಿಯಲ್ಲಿ ಐದಾರು ಸಲ ಎಳೆಯುವುದೂ ತಪ್ಪೇ. ಪ್ರತಿ ಸಲವೂ ಒಂದಿಷ್ಟು ತೇವ ಹೋಗುತ್ತದೆ, ಕ್ಯೂಟಿಕಲ್ ಸವೆಯುತ್ತದೆ. ಒಂದೋ ಎರಡೋ ಸಲ ನಿಧಾನವಾಗಿ ಎಳೆದು ಮುಗಿಸಬೇಕು. ಅಷ್ಟಕ್ಕೆ ನೆಟ್ಟಗಾಗಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ನೀವು ಹಿಡಿದ ಭಾಗದ ದಪ್ಪ. ಪ್ಲೇಟ್‌ಗೆ ತಾಗಿದ ಎಳೆಗಳು ಕಾಯುತ್ತವೆ, ನಡುವಿನವು ಹಾಗೇ ಇರುತ್ತವೆ. ಎರಡು ಬೆರಳಗಲ ಸಾಕು, ಹಿಡಿದಾಗ ಆಚೆಯ ಪ್ಲೇಟ್ ಮಸುಕಾಗಿ ಕಾಣುವಷ್ಟು ತೆಳುವಾಗಿರಲಿ. ಭಾಗ ತೆಳುವಾಗಿದ್ದೂ ಆಗಲಿಲ್ಲ ಅಂದರೆ ಆಗ 10 ಡಿಗ್ರಿ ಏರಿಸಿ.

ಡಿಗ್ರಿ ತೋರಿಸದ, ಆನ್-ಆಫ್ ಮಾತ್ರ ಇರುವ ಸ್ಟ್ರೇಟ್ನರ್ ಅನ್ನು ನಾನಂತೂ ವಿಗ್‌ಗೆ ಬಳಸುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಬಿಳಿ ಟಿಶ್ಯೂ ಪೇಪರ್ ಮಡಿಸಿ ಪ್ಲೇಟ್‌ಗಳ ನಡುವೆ ಕೆಲವು ಸೆಕೆಂಡ್ ಹಿಡಿದು ನೋಡಿ. ಕಂದು ಬಣ್ಣಕ್ಕೆ ತಿರುಗಿದರೆ ಕೂದಲಿಗೆ ಖಂಡಿತ ಜಾಸ್ತಿ. 1870ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮಾರ್ಸೆಲ್ ಗ್ರಾತೋ ಬಿಸಿ ಇಕ್ಕಳದಿಂದ ಅಲೆ ಮೂಡಿಸುವ ವಿಧಾನ ತಂದಾಗ ಇಕ್ಕಳವನ್ನು ಉರಿಯ ಮೇಲೆ ಕಾಯಿಸಬೇಕಿತ್ತು. ಅಂಥ ಇಕ್ಕಳಗಳ ಬಿಸಿ ನೋಡಲು ಕಾಗದವೇ ದಾರಿಯಾಗಿತ್ತು.

ಹೀಟ್ ಪ್ರೊಟೆಕ್ಟೆಂಟ್, ಅಂದರೆ ಬಿಸಿ ಕೊಡುವ ಮೊದಲು ಕೂದಲಿಗೆ ಸಿಂಪಡಿಸುವ ದ್ರವದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದರಲ್ಲಿನ ಸಿಲಿಕೋನ್ ತೆಳು ಪೊರೆಯಾಗಿ ಕೂತು ಬಿಸಿ ಒಳಗೆ ಹೋಗುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಹಚ್ಚಿದ್ದೇನೆ ಅಂತ 220ಕ್ಕೆ ಏರಿಸಿದರೆ ಹಚ್ಚಿದ್ದೂ ದಂಡ. ಹಗುರವಾಗಿ ಸಿಂಪಡಿಸಿ, ಬಾಚಿ, ಒಣಗಿದ ಮೇಲೆ ಕೆಲಸ ಶುರು ಮಾಡಿ. ಅದರ ಬದಲು ಎಣ್ಣೆ ಹಚ್ಚಿ ಪ್ಲೇಟ್ ಒತ್ತುವುದು ಬೇಡವೇ ಬೇಡ.

ನೂರಕ್ಕೆ ನೂರು ಅಸಲಿಯಾ?

ಕೆಲವು ವಿಗ್‌ಗಳಲ್ಲಿ ಅಸಲಿ ಕೂದಲಿನ ಜೊತೆ ಸಿಂಥೆಟಿಕ್ ಎಳೆ ಬೆರೆತಿರುತ್ತದೆ. ಹಿಂಭಾಗದ ಕಾಣದ ಜಾಗದಿಂದ ಒಂದೆರಡು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ ಬೆಂಕಿ ತಾಗಿಸಿ ನೋಡಿ. ಅಸಲಿ ಕೂದಲು ಕೂದಲು ಸುಟ್ಟ ವಾಸನೆಯೇ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಲ್ಲಿ ಒಂದು ಬಲೆ ಇದೆ. ಕಪ್ಪು-ಬಿಳುಪು ಬೆರೆತ ವಿಗ್ ಬಂದಾಗ ಕಪ್ಪು ಎಳೆ ಮಾತ್ರ ಸುಟ್ಟು ನೋಡಿ ತೃಪ್ತರಾಗಬೇಡಿ. ಅಸಲಿ ಬಿಳಿ ಕೂದಲು ದಿನ ಕಳೆದಂತೆ ಹಳದಿಗೆ ತಿರುಗುತ್ತದೆ, ಅದಕ್ಕಾಗಿ ಬಿಳಿಯ ಪಾಲಿಗೆ ಸಿಂಥೆಟಿಕ್ ಬೆರೆಸುವುದು ಮಾಮೂಲು. 170ರಲ್ಲಿ ಪ್ಲೇಟ್ ಎಳೆದರೆ ಕಪ್ಪು ಎಳೆಗಳು ನೆಟ್ಟಗಾಗಿ ಬರುತ್ತವೆ, ಬಿಳಿ ಎಳೆಗಳು ಅವುಗಳ ನಡುವೆ ಮುರುಟಿಕೊಳ್ಳುತ್ತವೆ. ಸರಿ ಮಾಡಲು ದಾರಿ ಇಲ್ಲ. ಬಿಳಿಯದನ್ನು ಬೇರೆಯಾಗಿ ಪರೀಕ್ಷೆ ಮಾಡಿ. ಬೆರಕೆ ಅಂತ ಗೊತ್ತಾದರೆ ಇಡೀ ವಿಗ್ ಸಿಂಥೆಟಿಕ್ ಅಂತಲೇ ಲೆಕ್ಕ.

ಕೂದಲು ಕಟ್ಟಿರುವ ತಳ

ಲೇಸ್, ಅಂದರೆ ಕೂದಲಿನ ಎಳೆಗಳನ್ನು ಗಂಟು ಹಾಕಿರುವ ತೆಳು ಬಲೆ, ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್. ಬಿಸಿ ತಾಗಿದರೆ ಮುದುಡುತ್ತದೆ, ಮತ್ತೆ ಹಣೆಯ ಮೇಲೆ ಸಪಾಟಾಗಿ ಕೂರುವುದಿಲ್ಲ. ಗಂಟಿನಿಂದ 2 ಸೆಂ.ಮೀ. ಬಿಟ್ಟೇ ಪ್ಲೇಟ್ ಶುರುವಾಗಲಿ. ಬುಡ ಉಬ್ಬಿಕೊಂಡಿದೆ, ಅದನ್ನು ಮಲಗಿಸಬೇಕು ಅಂದರೆ ಆ ಜಾಗವನ್ನು ಸ್ವಲ್ಪ ತೇವ ಮಾಡಿ, ಬೇಕಾದ ಕಡೆಗೆ ಬಾಚಿ, ಮೃದುವಾದ ಬಟ್ಟೆ ಪಟ್ಟಿ ಕಟ್ಟಿ ಒಣಗಲು ಬಿಡಿ. ಹೈಡ್ರೋಜನ್ ಬಂಧ ನೀರಿಗೂ ಬಿಡುತ್ತದೆ ಅಂತ ಮೇಲೆ ಓದಿದಿರಲ್ಲ, ಅದೇ ಇದು. ಕಂಡಿಷನರ್ ಕೂಡ ಗಂಟಿಗೆ ಬೇಡ, ಜಾರಿ ಸಡಿಲವಾಗುತ್ತದೆ.

ಥರ್ಮೋಕೋಲ್ ತಲೆಯ ಮೇಲೆ ವಿಗ್ ಇಟ್ಟು ಬಿಸಿ ಕೊಡುವವರು ಹುಷಾರು. ಅದು ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ, ಕರಗಿದ್ದು ಕೂದಲಿಗೆ ಅಂಟುತ್ತದೆ. ಕ್ಯಾನ್ವಾಸ್ ತಲೆ ತಗೊಂಡು, ಟಿ-ಪಿನ್‌ನಿಂದ ಅಂಚು ಭದ್ರ ಮಾಡಿಕೊಳ್ಳಿ.

ಬಿಸಿ ಪ್ಲೇಟ್ ಇಲ್ಲದೆ

ಒದ್ದೆ ಕೂದಲನ್ನು ರೋಲರ್‌ಗೆ ಸುತ್ತಿ, ಮೇಲೆ ಬಲೆ ಕಟ್ಟಿ, ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ, ತಣಿದ ಮೇಲೆ ಬಿಚ್ಚುವುದು ವಿಗ್ ಕೆಲಸದವರ ಹಳೆಯ ದಾರಿ. ನಾಟಕ, ಸಿನಿಮಾಗಳ ವಿಗ್ ವಿಭಾಗಗಳಲ್ಲಿ ಇದಕ್ಕೆಂದೇ ಬೆಚ್ಚಗಿನ ಪೆಟ್ಟಿಗೆಗಳಿರುತ್ತವೆ. 18ನೇ ಶತಮಾನದ ಯುರೋಪಿನಲ್ಲಿ ವಿಗ್ ಮಾಡುವವರು ಕೂದಲನ್ನು ಸುಟ್ಟ ಮಣ್ಣಿನ ಪುಟ್ಟ ಕಡ್ಡಿಗಳಿಗೆ ಸುತ್ತಿ ನೀರಲ್ಲಿ ಕುದಿಸುತ್ತಿದ್ದರು. ಆಮೇಲೆ ಒಣಗಿಸಿ, ಹಿಟ್ಟಿನ ಕಣಕದೊಳಗೆ ಮುಚ್ಚಿ ಒಲೆಯಲ್ಲಿ ಬೇಯಿಸುತ್ತಿದ್ದರು! ಕೇಳಲು ತಮಾಷೆ, ಆದರೆ ಹಂತಗಳು ನೋಡಿ: ನೀರು, ಬಿಸಿ, ಆಕಾರದಲ್ಲೇ ಒಣಗುವುದು, ತಣಿಯುವುದು.

ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಇನ್ನೊಂದು ಕೊರತೆಯೂ ಇದೆ: ನೀರಿನಿಂದ ಕೂತ ಸುರುಳಿ ನೀರಿಗೇ ಹೋಗುತ್ತದೆ, ಗಾಳಿಯಲ್ಲಿ ತೇವ ಇದ್ದರೆ ಬೇಗ ಸಡಿಲವಾಗುತ್ತದೆ. ಸ್ಟ್ರೇಟ್ನರ್‌ನಿಂದ ನೆಟ್ಟಗಾದದ್ದಕ್ಕೂ ಇದೇ ಗತಿ ಅನ್ನಿ. ಹಬೆಯಲ್ಲಿ ಕೂರಿಸಿದ ಸುರುಳಿ ಇರುವ ವಿಗ್ ಕೊಂಡು, ದಿನಾ ನೆಟ್ಟಗೆ ಮಾಡುವುದಂತೂ ನನಗೆ ಅರ್ಥವಾಗದ ಖರ್ಚು. ಸ್ವಲ್ಪ ಕಾಲದಲ್ಲಿ ಆ ಸುರುಳಿ ಸಡಿಲವಾಗುತ್ತದೆ, ನೆಟ್ಟನೆಯದೂ ಸರಿಯಾಗಿ ನಿಲ್ಲುವುದಿಲ್ಲ.

ವಿಗ್ ಇನ್ನೂ ಬಿಸಿ ತಡೆಯುತ್ತದಾ ಅಂತ ತಿಳಿಯಲು ಬಾಚಣಿಗೆಗೆ ಬಂದ ಒಂದು ಎಳೆ ಸಾಕು. ಒದ್ದೆ ಮಾಡಿ, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಎಳೆ ಸ್ವಲ್ಪ ಹಿಗ್ಗಿ, ಬಿಟ್ಟಾಗ ಮೊದಲಿನಂತೆ ಆಗುತ್ತದೆ. ಸವೆದದ್ದು ಹಿಗ್ಗಿ ಹಿಗ್ಗಿ ಹಾಗೇ ಉಳಿಯುತ್ತದೆ, ಇಲ್ಲವೇ ಪಟ್ ಅಂತ ತುಂಡಾಗುತ್ತದೆ. ಹಣೆಯ ಹತ್ತಿರದ್ದು, ನೆತ್ತಿಯದ್ದು, ಕತ್ತಿನ ಹತ್ತಿರದ್ದು ಬೇರೆ ಬೇರೆ ನೋಡಿ. ಕತ್ತಿನ ಹತ್ತಿರದ್ದು ಬಟ್ಟೆಗೆ ಉಜ್ಜಿ ಸಿಕ್ಕಾಗುತ್ತದೆ. ಆ ಸಿಕ್ಕನ್ನು ಪ್ಲೇಟ್‌ನಿಂದ ಸಪಾಟು ಮಾಡುವ ಆಸೆ ಬರುತ್ತದೆ, ಹಾಗಾಗಿ ಅಲ್ಲಿ ಬಿಸಿಯೂ ಹೆಚ್ಚು ತಾಗಿರುತ್ತದೆ. ಎಲ್ಲೇ ಆಗಲಿ ಎಳೆ ತುಂಡಾದರೆ ಆ ಭಾಗಕ್ಕೆ ಇನ್ನು ರೋಲರ್ ಮಾತ್ರ. ಸಿಕ್ಕನ್ನು ಕಂಡಿಷನರ್ ಹಾಕಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸಿಕೊಳ್ಳಿ.