‘ಹಯಿಲ್’ ಹೆಣ್ಣಿನ ಪಾಲಿಗೆ ‘ಗುಣ’ವಾದದ್ದು ಹೇಗೆ?

ಕನ್ನಡ ಸತ್ಯವೇದದ (ಬೈಬಲಿನ) ‘ಜ್ಞಾನೋಕ್ತಿಗಳು’ ಪುಸ್ತಕದ 31ನೇ ಅಧ್ಯಾಯದ ‘ಗುಣವತಿಯಾದ ಸತಿ’ ಚರ್ಚಿಗೆ ಹೋಗುವವರಿಗೆ ಪರಿಚಿತೆ. ಹೀಬ್ರೂ ಮೂಲದಲ್ಲಿ ಆಕೆ ‘ಎಶೆತ್ ಹಯಿಲ್’. ಎಶೆತ್ ಎಂದರೆ ಹೆಂಗಸು, ಹೆಂಡತಿ. ತಕರಾರು ಇರುವುದೆಲ್ಲ ಹಯಿಲ್ ಬಗ್ಗೆ.

ಹೀಬ್ರೂ ಬೈಬಲಿನಲ್ಲಿ 200ಕ್ಕೂ ಹೆಚ್ಚು ಸಲ ಬರುವ ಈ ಪದಕ್ಕೆ ಬಲ, ಸೈನ್ಯ, ಸಂಪತ್ತು, ಸಾಮರ್ಥ್ಯ ಎಂಬ ಅರ್ಥಗಳಿವೆ. ಇಸ್ರಾಯೇಲ್ಯರನ್ನು ಅಟ್ಟಿಸಿಕೊಂಡು ಬಂದ ಫರೋಹನ ಸೇನೆ ಹಯಿಲ್. ನ್ಯಾಯ ತೀರಿಸುವುದಕ್ಕೆ ಲಂಚ ಮುಟ್ಟದ, ಹಯಿಲ್ ಉಳ್ಳವರನ್ನು ಆರಿಸಿಕೋ ಎಂದು ಮೋಶೆಗೆ ಮಾವ ಇತ್ರೋ ಬುದ್ಧಿ ಹೇಳುತ್ತಾನೆ. ಮಿದ್ಯಾನ್ಯರ ಕಣ್ಣು ತಪ್ಪಿಸಿ ದ್ರಾಕ್ಷಿ ಆಲೆಯಲ್ಲಿ ಗೋಧಿ ಬಡಿಯುತ್ತಿದ್ದ ಗಿದ್ಯೋನನನ್ನೂ ದೇವದೂತ ‘ಹಯಿಲ್‌ನ ವೀರ’ ಎಂದೇ ಕರೆದ. ಅದರಲ್ಲಿ ತುಸು ಕುಚೋದ್ಯವೂ ಇದ್ದೀತು.

ರೂತಳ ಕಥೆಯಲ್ಲಂತೂ ಈ ಪದ ಜೋಡಿಯಾಗಿ ಬರುತ್ತದೆ. 2ನೇ ಅಧ್ಯಾಯದಲ್ಲಿ ಬೋವಜ ಹಯಿಲ್ ಉಳ್ಳವನು. 3ನೇ ಅಧ್ಯಾಯದಲ್ಲಿ, ಕಣದಲ್ಲಿ, ಅವನೇ ರೂತಳಿಗೆ ‘ನೀನು ಎಶೆತ್ ಹಯಿಲ್ ಎಂದು ಊರಿಗೆಲ್ಲ ಗೊತ್ತು’ ಎನ್ನುತ್ತಾನೆ. ಜಮೀನ್ದಾರನನ್ನೂ ಹಕ್ಕಲು ಆಯುವ ಪರದೇಶಿ ವಿಧವೆಯನ್ನೂ ಕಥೆಗಾರ ಒಂದೇ ತಕ್ಕಡಿಯಲ್ಲಿ ತೂಗಿದ್ದ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ಅದನ್ನು ಕೆಡಿಸಿತು: ಗಿದ್ಯೋನನಿಗೆ ಶೌರ್ಯ, ಬೋವಜನಿಗೆ ಐಶ್ವರ್ಯ, ರೂತಳಿಗೆ ಸದ್ಗುಣ!

ಮೊದಲಿನಿಂದಲೂ ಹೀಗಿರಲಿಲ್ಲ. ಕ್ರಿಸ್ತಪೂರ್ವದ ಗ್ರೀಕ್ ಅನುವಾದಕರು ಜ್ಞಾನೋಕ್ತಿಯ ಹೆಣ್ಣನ್ನು ‘ಆಂದ್ರೇಯಾ’, ಅಂದರೆ ಕೆಚ್ಚೆದೆಯವಳು ಎಂದರು. ಲ್ಯಾಟಿನ್‌ಗೆ ತಂದ ಜೆರೋಮ್ ‘ಫೋರ್ತಿಸ್’, ಗಟ್ಟಿಗಿತ್ತಿ ಎಂದ. ದಾರಿ ಬದಲಾದದ್ದು 16ನೇ ಶತಮಾನದಲ್ಲಿ. ಲೂಥರನ ಜರ್ಮನ್ ಬೈಬಲಿನಲ್ಲಿ, 1560ರ ಇಂಗ್ಲಿಷ್ ಜಿನೀವಾ ಬೈಬಲಿನಲ್ಲಿ ಆಕೆ ಸದ್ಗುಣಿಯಾದಳು. ಕನ್ನಡದ ‘ಗುಣವತಿ’ಯೂ ಅದೇ ಸಾಲಿಗೆ ಸೇರುತ್ತಾಳೆ.

ಆದರೆ ಪದ್ಯ ಓದಿ ನೋಡಿ. ಹೀಬ್ರೂವಿನ 22 ಅಕ್ಷರಗಳಿಗೆ ಒಂದೊಂದರಂತೆ 22 ವಚನ. ಆಕೆ ಹೊಲ ನೋಡಿ ಖರೀದಿಸುತ್ತಾಳೆ, ದುಡಿದ ದುಡ್ಡಲ್ಲಿ ದ್ರಾಕ್ಷಿ ತೋಟ ಹಾಕುತ್ತಾಳೆ, ಬಲವನ್ನೇ ನಡುಕಟ್ಟಾಗಿ ಬಿಗಿಯುತ್ತಾಳೆ. ಗಂಡನಿಗೆ ಆಕೆಯಿಂದ ಸಿಗುವ ಲಾಭಕ್ಕೆ ಕವಿ ಬಳಸಿದ್ದು ‘ಶಲಾಲ್’. ಅದು ಯುದ್ಧದಲ್ಲಿ ದೋಚಿದ ಕೊಳ್ಳೆಗೆ ಹೇಳುವ ಮಾತು. ನಸುಕಿನಲ್ಲೆದ್ದು ಮನೆಯವರಿಗೆ ಒದಗಿಸುವ ಊಟ ‘ತೆರೆಫ್’, ಸಿಂಹ ಹಿಡಿದು ತರುವ ಬೇಟೆ. ಇಂಥವಳನ್ನು ಬರೀ ಗುಣವತಿ ಎಂದರೆ ಸಾಲದು, ‘ಸಮರ್ಥೆ’ಯಾದರೂ ಆಗಬೇಕು.

ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ರಾತ್ರಿ ಸಬ್ಬತ್ ಊಟಕ್ಕೆ ಮುಂಚೆ ಈ ಪದ್ಯ ಹಾಡುವ ರೂಢಿ ಈಗಲೂ ಇದೆ. 1917ರಲ್ಲಿ ಅಮೆರಿಕದ ಯೆಹೂದಿ ವಿದ್ವಾಂಸರು ಹೊರತಂದ ಇಂಗ್ಲಿಷ್ ಅನುವಾದ ಆಕೆಗೆ ಶೌರ್ಯವನ್ನು ಮರಳಿಸಿತು.