ಮರಳಿನ ಕಾಳು ಒಡೆದರೆ ಪೈಲ್ ಏಕೆ ಸಡಿಲವಾಗುತ್ತದೆ?

1982ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಕರಾವಳಿಯಾಚೆ, ಸುಮಾರು 125 ಮೀಟರ್ ಆಳದ ನೀರಿನಲ್ಲಿ ನಾರ್ತ್ ರಾಂಕಿನ್ ಎ ಎಂಬ ಗ್ಯಾಸ್ ಪ್ಲಾಟ್‌ಫಾರ್ಮ್‌ಗೆ ಉಕ್ಕಿನ ಪೈಲ್, ಅಂದರೆ ಅಡಿಪಾಯಕ್ಕೆ ನೆಲದಾಳಕ್ಕೆ ಇಳಿಸುವ ಉದ್ದ ಕಂಬ, ಹೊಡೆಯುತ್ತಿದ್ದರು. ಮರಳು ಪೈಲನ್ನು ಬಿಗಿಯಾಗಿ ಹಿಡಿಯಬೇಕಿತ್ತು. ಹಿಡಿಯಲೇ ಇಲ್ಲ. ತಮ್ಮ ತೂಕಕ್ಕೇ ಹತ್ತಾರು ಮೀಟರ್ ಜಾರಿದ ಪೈಲ್‌ಗಳೂ ಇದ್ದವು.

ಅಚ್ಚರಿ ಏನೆಂದರೆ, ಈ ಬಗೆಯ ಮರಳು ಲ್ಯಾಬ್‌ನಲ್ಲಿ ದುರ್ಬಲವಾಗಿ ಕಾಣುವುದಿಲ್ಲ. ಇದು ಚಿಪ್ಪು, ಹವಳದ ಚೂರುಗಳ ಸುಣ್ಣದ ಮರಳು. ಕಾಳುಗಳಿಗೆ ಮೂಲೆಗಳು ಜಾಸ್ತಿ, ಹಾಗಾಗಿ ಕಡಿಮೆ ಒತ್ತಡದಲ್ಲಿ ಘರ್ಷಣ ಕೋನ (ಕಾಳುಗಳು ಜಾರದೆ ಎಷ್ಟು ತಡೆಯುತ್ತವೆ ಎಂಬುದರ ಅಳತೆ) 40 ಡಿಗ್ರಿ ದಾಟುವುದೂ ಉಂಟು. ನಮ್ಮ ಹೊಳೆ ಮರಳಿಗಿಂತ ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಎಡವುವುದು ಇಲ್ಲಿಯೇ.

ಒಂದು ಡಬ್ಬದಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಮಂಡಕ್ಕಿ ತುಂಬಿ ಪ್ರತಿ ಡಬ್ಬದ ನಡುವೆ ಒಂದು ಕೋಲು ತುರುಕಿ ನೋಡಿ. ಕಡಲೆ ಒಂದರ ಮೇಲೊಂದು ಹತ್ತಿ ಉಬ್ಬುತ್ತದೆ, ಕೋಲನ್ನು ಅಮುಕುತ್ತದೆ. ಮಂಡಕ್ಕಿ ಪುಡಿಯಾಗಿ ಕುಗ್ಗುತ್ತದೆ, ಕೋಲು ಸಡಿಲ. ಬಿಗಿಯಾಗಿ ಕೂತ ಗಟ್ಟಿ ಮರಳು ಕತ್ತರಿಸುವ ಬಲ (ಕಾಳುಗಳನ್ನು ಒಂದರ ಮೇಲೊಂದು ಜಾರಿಸುವ ಬಲ) ಬಿದ್ದಾಗ ಹೀಗೇ ಉಬ್ಬಲು ನೋಡುತ್ತದೆ. ಅದರ ಬಲದ ಒಂದು ಪಾಲು ಬರುವುದು ಈ ಉಬ್ಬುವಿಕೆಯಿಂದಲೇ. ಕಾಳು ಒಡೆದರೆ ಹತ್ತುವ ಬದಲು ಪುಡಿ ಖಾಲಿ ಜಾಗಕ್ಕೆ ಇಳಿಯುತ್ತದೆ. ಗಾತ್ರ ಕುಗ್ಗುತ್ತದೆ, ಪೈಲ್ ಮೇಲಿನ ಪಕ್ಕದ ಒತ್ತಡ ಬಿದ್ದುಹೋಗುತ್ತದೆ. ಒತ್ತಡವೇ ಇಲ್ಲದ ಮೇಲೆ ಘರ್ಷಣ ಕೋನ ಎಷ್ಟಿದ್ದರೇನು? ಕಾಳುಗಳ ನಡುವಿನ ತೆಳು ಸುಣ್ಣದ ಬೆಸುಗೆ ಮುರಿಯುವುದೂ ಇದಕ್ಕೆ ಸೇರುತ್ತದೆ.

ಹೊಳೆ ಮರಳಿನ ಸ್ಫಟಿಕಶಿಲೆಯ ಗಡಸುತನ ಮೋಸ್ ಅಳತೆಯಲ್ಲಿ 7, ಸುಣ್ಣದ ಕ್ಯಾಲ್ಸೈಟ್‌ನದು 3. ಮೇಲಾಗಿ ಚಿಪ್ಪಿನ ಒಳಗೆ ಟೊಳ್ಳು. ಹಾಗಂತ ಹೊಳೆ ಮರಳು ಒಡೆಯುವುದೇ ಇಲ್ಲ ಎಂದಲ್ಲ. ಪೈಲ್ ತುದಿಯಲ್ಲಿ, ಎತ್ತರದ ಅಣೆಕಟ್ಟಿನ ತಳದಲ್ಲಿ ಅದೂ ಒಡೆಯುತ್ತದೆ.

ಮುಂಬೈ ಕರಾವಳಿಯಾಚೆಯ ನಮ್ಮ ತೈಲಕ್ಷೇತ್ರ ಬಾಂಬೆ ಹೈನ ಸಮುದ್ರತಳದಲ್ಲಿ, ಲಕ್ಷದ್ವೀಪದಲ್ಲಿ ಇದೇ ಜಾತಿಯ ಸುಣ್ಣದ ಮರಳಿದೆ. ದೆಹಲಿ ಐಐಟಿಯವರು 1970ರ ದಶಕದಲ್ಲೇ ಇದರ ಕಾಳು ಒಡೆಯುವುದನ್ನು ಪರೀಕ್ಷಿಸಿದ್ದರು. ಇಂಥ ಕಡೆ ಪೈಲ್ ಹೊಡೆಯುವ ಬದಲು ರಂಧ್ರ ಕೊರೆದು, ಪೈಲ್ ಇಳಿಸಿ, ಸುತ್ತ ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬುವುದು ಮೇಲು. ಗ್ರೌಟ್ ಮರಳನ್ನು ಕಚ್ಚಿಕೊಳ್ಳುತ್ತದೆ.

ಲ್ಯಾಬ್‌ಗೆ ಮಾದರಿ ಕಳಿಸುವವರಲ್ಲಿ ನನ್ನದೊಂದು ಕೋರಿಕೆ. ಟ್ರೈಆಕ್ಸಿಯಲ್ ಪರೀಕ್ಷೆಯನ್ನು (ಮಾದರಿಯನ್ನು ಸುತ್ತಲಿಂದ ಒತ್ತಿ ಹಿಡಿದು ಮೇಲಿಂದ ಅಮುಕಿ ಬಲ ಅಳೆಯುವುದು) ನಿಮ್ಮ ಅಡಿಪಾಯ ನಿಜವಾಗಿ ಹೊರುವ ಒತ್ತಡದಲ್ಲೇ ಮಾಡಿಸಿ. ಮುಗಿದ ಮೇಲೆ ಮರಳನ್ನು ಎಸೆಯಬೇಡಿ. ಒಣಗಿಸಿ, ಇನ್ನೊಮ್ಮೆ ಜರಡಿ ಹಿಡಿಸಿ, ಕಾಳಿನ ಗಾತ್ರದ ಮೊದಲಿನ ಗ್ರಾಫ್ ಮೇಲೆ ಹೊಸದನ್ನು ಇಟ್ಟು ಎಷ್ಟು ಒಡೆದಿದೆ ನೋಡಿ.